ಹೊಲ, ಮನೆ, ಸಭೆ: ಕನ್ನಡದ ಕ್ರೈಸ್ತ ರೈತನನ್ನು ಓದುವ ಬಗೆ

ಕನ್ನಡದಲ್ಲಿ ‘ಒಕ್ಕಲು’ ಎಂಬ ಮಾತಿಗೆ ಇರುವ ಅರ್ಥವ್ಯಾಪ್ತಿ ದೊಡ್ಡದು. ರಾಮದುರ್ಗ ತಾಲ್ಲೂಕಿನ ಸುರೇಬಾನದ ಸೀಮೆಯಲ್ಲಿ ಒಕ್ಕಲುತನವೆಂದರೆ ಬೇಸಾಯ. ಊರಿನಲ್ಲಿ ಇಂತಿಷ್ಟು ಒಕ್ಕಲಿವೆ ಎಂದರೆ ಅಷ್ಟು ಮನೆತನಗಳಿವೆ ಎಂದರ್ಥ. ದೇವರ ಒಕ್ಕಲು, ಮಠದ ಒಕ್ಕಲು ಎಂದಾಗ ಆ ದೇವರಿಗೆ, ಆ ಮಠಕ್ಕೆ ನಡೆದುಕೊಳ್ಳುವ ಭಕ್ತ ಸಮುದಾಯವೆಂದು ತಿಳಿಯಬೇಕು. ಉಳುವವನು, ಅವನ ಕುಟುಂಬ, ಅವನ ನಂಬಿಕೆ ಈ ಮೂರನ್ನೂ ಒಂದೇ ಪದ ಹಿಡಿದಿಟ್ಟುಕೊಂಡಿದೆ. ಇವು ಬೇರೆ ಬೇರೆಯಲ್ಲ ಎಂಬ ಗ್ರಾಮೀಣ ತಿಳಿವಳಿಕೆಯೇ ಈ ಪದದ ಹಿಂದಿದೆ.

ಇದೇ ತಿಳಿವಳಿಕೆ ಆಚರಣೆಯಲ್ಲಿಯೂ ಕಾಣುತ್ತದೆ. ಉತ್ತರ ಕರ್ನಾಟಕದಲ್ಲಿ ಸೀಗೆಹುಣ್ಣಿಮೆಗೂ ಎಳ್ಳಮಾವಾಸ್ಯೆಗೂ ರೈತನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಭೂಮಿಗೆ ಉಣಿಸಿದ ಮೇಲೆ ತಾವು ಉಣ್ಣುತ್ತಾರೆ. ಆ ದಿನ ಹೊಲವೇ ಗುಡಿ, ಮನೆಯವರೇ ಪೂಜಾರಿಗಳು. ಸುರೇಬಾನದ ಸಮೀಪದ ಶಬರಿಕೊಳ್ಳದ ಐತಿಹ್ಯವೂ ಇದಕ್ಕೆ ದೂರವಾದುದಲ್ಲ. ಅಲ್ಲಿಯ ಭಕ್ತೆ ದೇವರಿಗೆ ಕೊಟ್ಟದ್ದು ನೆಲದಲ್ಲಿ ಬೆಳೆದ ಹಣ್ಣನ್ನು.

ಈ ಹಿನ್ನೆಲೆಯಲ್ಲಿ ಒಂದು ಪ್ರಶ್ನೆಯನ್ನು ಎತ್ತಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದ ಕನ್ನಡ ರೈತನ ಪಾಲಿಗೆ ಈ ಮೂರರ ಸಂಬಂಧ ಏನಾಯಿತು? ನಮ್ಮ ಸಾಹಿತ್ಯ ಚರಿತ್ರೆ ಈ ಪ್ರಶ್ನೆಯನ್ನು ಕೇಳಿದ್ದು ಕಡಿಮೆ. ಕ್ರೈಸ್ತರ ಕನ್ನಡ ಸೇವೆ ಎಂದೊಡನೆ 1843ರ ‘ಮಂಗಳೂರ ಸಮಾಚಾರ’, ಮೊಗ್ಲಿಂಗನ ‘ಬಿಬ್ಲಿಯೊಥೆಕಾ ಕರ್ನಾಟಿಕಾ’, 1894ರ ಕಿಟೆಲ್ ನಿಘಂಟು ಇವುಗಳ ಪಟ್ಟಿ ತಪ್ಪದೆ ಬರುತ್ತದೆ. ಈ ಸಾಧನೆಗಳ ಹಿರಿಮೆಯ ಬಗ್ಗೆ ತಕರಾರಿಲ್ಲ. ಆದರೆ ಈ ಪಟ್ಟಿಯಲ್ಲಿ ಬರೆದವನಿಗೆ ಸಿಕ್ಕ ಸ್ಥಾನ ಉತ್ತವನಿಗೆ ಸಿಗಲಿಲ್ಲ. ರೈತನ ಮಾತನ್ನು ಕೋಶಕ್ಕೆ ಸೇರಿಸಿಕೊಂಡ ವಿದ್ವತ್ತು ಆ ಮಾತನ್ನಾಡಿದ ರೈತನನ್ನು ಹೊರಗೇ ನಿಲ್ಲಿಸಿತು.

ಸುರೇಬಾನದ ದಕ್ಷಿಣಕ್ಕೆ ಬೆಟಗೇರಿ, ಪೂರ್ವಕ್ಕೆ ಗುಳೇದಗುಡ್ಡ ಇವೆ. ಬಾಸೆಲ್ ಮಿಶನ್ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ, 1851ರಲ್ಲಿ ಗುಳೇದಗುಡ್ಡದಲ್ಲಿ ತನ್ನ ಕೇಂದ್ರಗಳನ್ನು ತೆರೆಯಿತು. ಇವುಗಳ ನಡುವೆ ಕಡಿಮೆ ಪರಿಚಿತವಾದ ಇನ್ನೊಂದು ಹೆಸರು ಗದಗಿನ ಬಳಿಯ ಮಲಸಮುದ್ರ. 1841ರಲ್ಲಿ ಅಲ್ಲಿ ಒಂದು ಕೃಷಿ ವಸತಿಯನ್ನು ಸ್ಥಾಪಿಸಲಾಯಿತು. ಕಾಲಜ್ಞಾನದ ನುಡಿಗಳಲ್ಲಿ ನಂಬಿಕೆಯಿಟ್ಟಿದ್ದ ಪಂಗಡವೊಂದು ಮಿಶನರಿಗಳ ಬೋಧನೆಯಲ್ಲಿ ಆಸಕ್ತಿ ತೋರಿತ್ತು. ಆ ಜನ ಗುಂಪಾಗಿ ಬಂದು ಸೇರುವರು, ಭೂಮಿ ಸಿಕ್ಕರೆ ತಮ್ಮ ದುಡಿಮೆಯಿಂದಲೇ ಬದುಕುವ ಕ್ರೈಸ್ತ ಊರೊಂದು ಎದ್ದು ನಿಲ್ಲುವುದು ಎಂಬ ನಿರೀಕ್ಷೆಯಿತ್ತು. ನಿರೀಕ್ಷಿಸಿದ ಜನ ಬರಲಿಲ್ಲ, ಯೋಜನೆ ಫಲಿಸಲಿಲ್ಲ.

ಮಲಸಮುದ್ರದ ಸೋಲನ್ನು ಮತಪ್ರಚಾರದ ಸೋಲೆಂದು ಓದುವುದು ವಾಡಿಕೆ. ಅದನ್ನು ‘ಒಕ್ಕಲು’ ಎಂಬ ಪದದ ಬೆಳಕಿನಲ್ಲಿ ಓದಿದರೆ ಬೇರೆ ಸಂಗತಿ ಹೊಳೆಯುತ್ತದೆ. ರೈತನಿಗೆ ಭೂಮಿಯನ್ನು ಕೊಡಬಹುದು, ಪ್ರಾರ್ಥನೆಯನ್ನು ಕಲಿಸಬಹುದು. ಆದರೆ ಒಕ್ಕಲುತನ ನಿಲ್ಲುವುದು ಇವೆರಡರ ನಡುವಿನ ಮೂರನೆಯದರ ಮೇಲೆ, ಅಂದರೆ ಮನೆತನದ ಮೇಲೆ. ಕೊಡುಕೊಳ್ಳುವ ನಂಟರು, ಮುಯ್ಯಿಗೆ ಬರುವ ನೆರೆಯವರು, ಕಣದಲ್ಲಿ ಪಾಲು ಪಡೆಯುವ ಆಯಗಾರರು ಇವರನ್ನೆಲ್ಲ ಹಳೆಯ ಊರಿನಲ್ಲಿ ಬಿಟ್ಟುಬಂದವನಿಗೆ ಹೊಸ ಹೊಲ ಬರಿಯ ನೆಲವಾಗಿಯೇ ಉಳಿಯುತ್ತದೆ. ಮುಂದೆ ಮಿಶನ್ 1851ರಲ್ಲಿ ಮಂಗಳೂರಿನಲ್ಲಿ ನೇಯ್ಗೆಯನ್ನು, 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿತು. ಊರು ಬಿಟ್ಟವನಿಗೆ ಮಗ್ಗ ಮತ್ತು ಕುಲುಮೆ ಅನ್ನ ಕೊಟ್ಟವು. ಆದರೆ ಮಿಶನಿನ ಚರಿತ್ರೆ ಕಾರ್ಖಾನೆಯ ಚರಿತ್ರೆಯಾಗುತ್ತ ಹೋದಂತೆ ರೈತ ಅದರ ಅಂಚಿಗೆ ಸರಿದ.

ಕುಟುಂಬದ ಪ್ರಶ್ನೆ ಇನ್ನೂ ತೀಕ್ಷ್ಣವಾಗಿ ಎದುರಾದದ್ದು ಕೊಡಗಿನಲ್ಲಿ. ಆಲಮಂಡ ಮನೆತನದ ಸೋಮಯ್ಯ ಎಂಬ ಕೊಡವ 1853ರಲ್ಲಿ ದೀಕ್ಷಾಸ್ನಾನ ಪಡೆದು ಸ್ತೆಫಾನನೆಂದು ಹೆಸರಾದ. ಹರ್ಮನ್ ಮೊಗ್ಲಿಂಗ್ ಅವನೊಂದಿಗೆ ಕೊಡಗಿಗೆ ಹೋದ. ಕೊಡವರಲ್ಲಿ ಒಂದೇ ಮೂಲಪುರುಷನ ಮನೆತನಕ್ಕೆ ‘ಒಕ್ಕ’ ಎನ್ನುತ್ತಾರೆ. ಜಮ್ಮಾ ಭೂಮಿ ಒಬ್ಬನದಲ್ಲ, ಒಕ್ಕದ್ದು. ಆದ್ದರಿಂದ ಸೋಮಯ್ಯನ ಮತಾಂತರ ಒಬ್ಬನ ಆತ್ಮದ ಸಂಗತಿಯಾಗಿ ಉಳಿಯುವಂತಿರಲಿಲ್ಲ. ಐನ್‌ಮನೆಯ ಬಾಗಿಲು, ಪೂರ್ವಜರ ಆರಾಧನೆ, ಗದ್ದೆಯ ಹಕ್ಕು ಮೂರೂ ಒಮ್ಮೆಗೇ ಅಲುಗಾಡಿದವು. ಮತ ಬದಲಿಸಿದವನ ಆಸ್ತಿಯ ಹಕ್ಕು ಹೋಗಲಾಗದೆಂದು ಕಂಪನಿ ಸರಕಾರ 1850ರಲ್ಲಿಯೇ ಕಾಯಿದೆ ಮಾಡಿತ್ತು. ಕಾಯಿದೆ ಪಾಲನ್ನು ಕೊಡಿಸಬಲ್ಲದು. ಅಣ್ಣತಮ್ಮಂದಿರ ಪಂಕ್ತಿಯಲ್ಲಿ ಎಲೆ ಹಾಕಿಸಲಾರದು.

ಸೋಮಯ್ಯನ ಕಥೆ ಉಳಿದುಬಂದದ್ದು ಮೊಗ್ಲಿಂಗ್ 1855ರಲ್ಲಿ ಪ್ರಕಟಿಸಿದ ‘ಕೂರ್ಗ್ ಮೆಮ್ವಾಯರ್ಸ್’ ಎಂಬ ಇಂಗ್ಲಿಷ್ ಗ್ರಂಥದಿಂದ. ಆ ಗ್ರಂಥದ ಉಪಯುಕ್ತತೆಯನ್ನು ಒಪ್ಪುತ್ತಲೇ ಅದರ ಮಿತಿಯನ್ನೂ ಹೇಳಬೇಕು. ಅಲ್ಲಿ ಸೋಮಯ್ಯನ ಮಾತು ಮೊಗ್ಲಿಂಗನ ಲೇಖನಿಯ ಮೂಲಕವೇ ಬರುತ್ತದೆ. ಮಿಶನ್ ಬರಹಕ್ಕೆ ಬೇಕಾದದ್ದು ತಿರುವಿನ ಕ್ಷಣ: ಸಂದೇಹ, ಹೋರಾಟ, ದೀಕ್ಷೆ. ರೈತನ ಬದುಕಾದರೋ ತಿರುವುಗಳಿಂದಲ್ಲ, ಮರುಕಳಿಕೆಗಳಿಂದ ಆದದ್ದು. ಪ್ರತಿ ಮಳೆಗಾಲವೂ ಮಾಡಲೇಬೇಕಾದ ಉಳುಮೆ, ನಾಟಿ, ಕೊಯ್ಲುಗಳನ್ನು ಮತಾಂತರದ ಕಥನ ಹಿಡಿಯಲಾರದು. ನಿಷ್ಠೆ ಎಂಬುದು ದೀಕ್ಷೆಯ ದಿನದ ಘಟನೆಯಲ್ಲ. ದೀಕ್ಷೆಯ ಮಾರನೆಯ ದಿನದಿಂದ ಸಾಯುವವರೆಗೆ ಸದ್ದಿಲ್ಲದೆ ನಡೆಯುವ ಬಾಳುವೆ ಅದು. ಮಿಶನ್ ಬರಹ ಮೊದಲನೆಯದನ್ನು ಕಂಡಷ್ಟು ಎರಡನೆಯದನ್ನು ಕಾಣಲಿಲ್ಲ.

ಇದಕ್ಕೆ ಅಬ್ಬೆ ದ್ಯುಬುವಾ ಇನ್ನೊಂದು ನಿದರ್ಶನ. 1799ರಲ್ಲಿ ಟಿಪ್ಪುವಿನ ಆಳ್ವಿಕೆ ಕೊನೆಗೊಂಡ ಮೇಲೆ ಮೈಸೂರು ಸೀಮೆಗೆ ಬಂದ ಈ ಫ್ರೆಂಚ್ ಪಾದ್ರಿ ಚದುರಿಹೋಗಿದ್ದ ಕ್ರೈಸ್ತರನ್ನು ಕೂಡಿಸಿ ಹಾಸನದ ಕಡೆ ಕೃಷಿ ವಸತಿಗಳನ್ನು ಮಾಡಿದ, ಸಿಡುಬಿನ ಚುಚ್ಚುಮದ್ದನ್ನು ಪ್ರಚಾರಕ್ಕೆ ತಂದ. ಆದರೆ 1823ರಲ್ಲಿ ಅವನೇ ಪ್ರಕಟಿಸಿದ ಪತ್ರಗಳು ಭಾರತದಲ್ಲಿ ಕ್ರೈಸ್ತಮತಕ್ಕೆ ಭವಿಷ್ಯವಿಲ್ಲವೆಂಬ ನಿರಾಶೆಯಿಂದ ತುಂಬಿವೆ. ಲೇಖಕನ ತೀರ್ಮಾನ ಹಾಗಿದ್ದರೂ ಹಾಸನ ಸೀಮೆಯ ರೈತ ಕ್ರೈಸ್ತರು ಅಳಿಯಲಿಲ್ಲ. ಉಳುತ್ತ, ಮಕ್ಕಳನ್ನು ಸಾಕುತ್ತ, ಭಾನುವಾರದ ಪೂಜೆಗೆ ಹೋಗುತ್ತ ಬಾಳಿದರು. ಪುಸ್ತಕ ಸೋಲೆಂದದ್ದನ್ನು ಒಕ್ಕಲು ಸೋಲೆಂದು ಒಪ್ಪಲಿಲ್ಲ.

ಅದೇ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ 1860ರ ದಶಕದಲ್ಲಿ ಕಟ್ಟಿದ ಗಾಥಿಕ್ ಶೈಲಿಯ ಇಗರ್ಜಿ ಈಗ ಪಾಳು. ಗೊರೂರಿನ ಬಳಿ ಹೇಮಾವತಿಗೆ ಅಣೆಕಟ್ಟು ಬಂದಾಗ ಊರು ಹಿನ್ನೀರಿನ ಪಾಲಾಯಿತು, ಜನ ಬೇರೆಡೆಗೆ ಹೋದರು. ಮಳೆಗಾಲದಲ್ಲಿ ನೀರು ಗೋಡೆಗಳನ್ನು ಸುತ್ತುವರಿಯುತ್ತದೆ, ಬೇಸಿಗೆಯಲ್ಲಿ ಕಟ್ಟಡ ನೆಲದ ಮೇಲೆ ನಿಂತಿರುತ್ತದೆ. ಮುಳುಗುವ ಚರ್ಚೆಂದು ಅದನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಚಿತ್ರ ತೆಗೆಯುವವರ ಕಣ್ಣಿಗೆ ಬೀಳುವುದು ಕಮಾನುಗಳು ಮಾತ್ರ. ಆ ಕಮಾನುಗಳ ಸುತ್ತ ಹೊಲಗಳಿದ್ದವು, ಹೊಲಗಳ ಬದಿಗೆ ಮನೆಗಳಿದ್ದವು ಎಂಬುದು ಚಿತ್ರದಲ್ಲಿ ಇಲ್ಲ. ‘ಒಕ್ಕಲೆಬ್ಬಿಸು’ ಎಂಬ ಕ್ರಿಯಾಪದದ ಪೂರ್ಣಾರ್ಥ ಇಲ್ಲಿ ತಿಳಿಯುತ್ತದೆ. ಅಲ್ಲಿ ಹೊಲ, ಮನೆ, ಸಭೆ ಮೂರೂ ಒಟ್ಟಿಗೆ ಎದ್ದುಹೋದವು. ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟನ್ನು ಬಲ್ಲ ಸುರೇಬಾನದ ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೆಳಗಿನ ಹೊಲಕ್ಕೆ ನೀರು ಬಂದುದರ ಬೆಲೆಯನ್ನು ಮೇಲಿನ ಊರು ತೆತ್ತಿರುತ್ತದೆ.

ಹಾಗಾದರೆ ಈ ರೈತನನ್ನು ಎಲ್ಲಿ ಓದಬೇಕು? ವರದಿಗಳಲ್ಲಿ ಮಾತ್ರವಲ್ಲ, ಅವನೇ ಬಿಟ್ಟುಹೋದ ಗುರುತುಗಳಲ್ಲಿ. ಸಭೆಯ ದೀಕ್ಷಾ ದಾಖಲೆಯಲ್ಲಿ ಒಂದೇ ಮನೆತನದ ಹೆಸರುಗಳು ತಲೆಮಾರಿನಿಂದ ತಲೆಮಾರಿಗೆ ಸಾಗುತ್ತವೆ. ಬೈಬಲಿನ ಹೆಸರಿನ ಪಕ್ಕದಲ್ಲಿಯೇ ಊರಿನ ಅಡ್ಡಹೆಸರು ಉಳಿದುಕೊಂಡಿರುತ್ತದೆ. ಕನ್ನಡ ಸಭೆಗಳ ಸುಗ್ಗಿಹಬ್ಬದಲ್ಲಿ ಜೋಳ, ಭತ್ತ, ಕಾಯಿಪಲ್ಲೆ, ಕೋಳಿಗಳನ್ನು ತಂದು ವೇದಿಕೆಯ ಮುಂದೆ ಇಡುತ್ತಾರೆ, ಆಮೇಲೆ ಹರಾಜು ಮಾಡಿ ಬಂದ ಹಣವನ್ನು ಸಭೆಗೆ ಕೊಡುತ್ತಾರೆ. ಪಾಶ್ಚಾತ್ಯ ಆಚರಣೆಯೆಂದು ಇದನ್ನು ತಳ್ಳಿಹಾಕುವುದು ಸುಲಭ. ಚರಗ ಚೆಲ್ಲಿದ ಕೈಗಳಿಗೆ ಬೆಳೆದದ್ದರಲ್ಲಿ ಮೊದಲ ಪಾಲನ್ನು ಒಪ್ಪಿಸುವ ಅಭ್ಯಾಸ ಮೊದಲೇ ಇತ್ತು. ಮತ ಬದಲಾದರೂ ಆ ಅಭ್ಯಾಸ ಹೋಗಲಿಲ್ಲ. ಒಪ್ಪಿಸುವ ಜಾಗ ಮಾತ್ರ ಹೊಲದಿಂದ ಸಭೆಗೆ ಬಂತು.

ಆದ್ದರಿಂದ ಕನ್ನಡದ ಕ್ರೈಸ್ತ ರೈತನನ್ನು ಪರಕೀಯ ಧರ್ಮದ ಅನುಯಾಯಿ ಎಂದಾಗಲಿ, ಮಿಶನರಿಯ ಸಾಧನೆಯ ಲೆಕ್ಕ ಎಂದಾಗಲಿ ಕಾಣುವುದು ಎರಡೂ ಅಪೂರ್ಣ. ಅವನು ಮೊದಲು ಒಕ್ಕಲು. ಹೊಲದ ಬದುವನ್ನೂ ಮನೆಯ ಹೊಸ್ತಿಲನ್ನೂ ಸಭೆಯ ಬಾಗಿಲನ್ನೂ ಒಂದೇ ದಾರಿಯಲ್ಲಿ ಇಟ್ಟುಕೊಳ್ಳಲು ಹೆಣಗಿದವನು. ಮಲಸಮುದ್ರದಲ್ಲಿ ಆ ದಾರಿ ಕೂಡಿಬರಲಿಲ್ಲ, ಆಲಮಂಡ ಮನೆತನದಲ್ಲಿ ಒಡೆಯಿತು, ಶೆಟ್ಟಿಹಳ್ಳಿಯಲ್ಲಿ ನೀರಿನ ಕೆಳಗೆ ಹೋಯಿತು. ಉಳಿದ ಕಡೆಗಳಲ್ಲಿ ಅದು ಯಾರ ಗಮನಕ್ಕೂ ಬಾರದೆ ಸಾಗಿತು. ಹೀಗೆ ಗಮನಕ್ಕೆ ಬಾರದೆ ಸಾಗಿದ ಬದುಕನ್ನು ಓದಲು ಕಲಿಯುವುದು ಕನ್ನಡ ವಿಮರ್ಶೆಯ ಮುಂದಿರುವ ಕೆಲಸ. ಅದಕ್ಕೆ ಬೇಕಾದ ಪದವನ್ನು ಸುರೇಬಾನದಂಥ ಊರುಗಳ ಆಡುನುಡಿ ಎಂದೋ ಕೊಟ್ಟಿದೆ.