ಮೈನಸ್ 23 ಸರಿ, ಮಾತು ಎಲ್ಲಿ?

2014ರ ಏಪ್ರಿಲ್‌ನಲ್ಲಿ ಬಿಬಿಸಿ ಒನ್‌ನಲ್ಲಿ ‘ಜಮೈಕಾ ಇನ್’ ಬಂತು, ಮೂರು ಕಂತು. ಮಾತೇ ಕೇಳಿಸ್ತಿಲ್ಲ ಅಂತ ಎರಡು ಸಾವಿರಕ್ಕೂ ಹೆಚ್ಚು ದೂರು ಹೋದವು. ನಟರು ಗೊಣಗುತ್ತಾರೆ ಅಂದರು ಕೆಲವರು, ತೆಳ್ಳನೆ ಟಿವಿಯ ಸ್ಪೀಕರ್ ಸರಿಯಿಲ್ಲ ಅಂದರು ಇನ್ನು ಕೆಲವರು. ಆ ನಾಟಕದ ಮಟ್ಟಿಗೆ ಜಗಳ ಅಲ್ಲೇ ಇರಲಿ. ನನ್ನ ತಕರಾರು ಬೇರೆ: ಮಾತು ಕೇಳಿಸದ ಕಾರ್ಯಕ್ರಮವೂ ಪ್ರಸಾರದ ಧ್ವನಿಮಟ್ಟದ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗಬಹುದು.

ಆ ಪರೀಕ್ಷೆ ಬಂದಿದ್ದು ಒಳ್ಳೇ ಕಾರಣಕ್ಕೇ. ಮೊದಲೆಲ್ಲ ಮೀಟರ್ ನೋಡುತ್ತಿದ್ದದ್ದು ಸದ್ದಿನ ತುದಿಯನ್ನು ಮಾತ್ರ. ತುದಿ ಮಿತಿಯೊಳಗಿದ್ದರೆ ಸಾಕು, ಒಳಗೆಲ್ಲ ಒತ್ತಿ ತುಂಬಿದ ಜಾಹೀರಾತು ಕಿವಿಗೆ ಬಡಿಯುತ್ತಿತ್ತು. 2010ರಲ್ಲಿ ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟವಾದ ಇಬಿಯು ‘ಆರ್ 128’ ತಂದಿತು: ಕಿವಿಗೆ ಎಷ್ಟು ಜೋರು ಅನಿಸುತ್ತದೋ ಅದನ್ನು ಇಡೀ ಕಾರ್ಯಕ್ರಮಕ್ಕೆ ಸರಾಸರಿ ಹಾಕಿ, -23 ಎಲ್‌ಯುಎಫ್‌ಎಸ್‌ಗೆ ತನ್ನಿ ಅಂತ. ಅಮೆರಿಕದಲ್ಲಿ -24. ಅಲ್ಲಿ 2012ರ ಡಿಸೆಂಬರ್‌ನಿಂದ ಜಾಹೀರಾತಿಗೆ ಕಾನೂನೇ ಇದೆ. ರಿಮೋಟ್ ಹುಡುಕುವ ಕಷ್ಟ ಕಮ್ಮಿಯಾಗಿದ್ದು ನಿಜ.

ಆದರೆ ಸರಾಸರಿ ಸರಾಸರಿಯೇ, ಅಲ್ವಾ? ಒಂದು ಲೆಕ್ಕ ನೋಡಿ. ನಾಟಕದ ಕಾಲು ಭಾಗ ಬಿರುಗಾಳಿ, ಸಂಗೀತ, -18ರಲ್ಲಿ. ಉಳಿದ ಮುಕ್ಕಾಲು ಭಾಗ ಪಿಸುಮಾತು, -30ರಲ್ಲಿ. ಒಟ್ಟು ಅಳೆದರೆ -23ರ ಹತ್ತಿರವೇ ಬರುತ್ತದೆ! ಸದ್ದು ಶಕ್ತಿಯ ಲೆಕ್ಕದಲ್ಲಿ ಕೂಡುವುದರಿಂದ ಜೋರಿನ ಭಾಗಕ್ಕೇ ತೂಕ ಜಾಸ್ತಿ. ತೀರಾ ಮೆಲ್ಲಗಿರುವ ಭಾಗವನ್ನು ಮೀಟರ್ ಲೆಕ್ಕದಿಂದ ಬಿಡುತ್ತದೆ, ಆದರೆ ಈ ಪಿಸುಮಾತು ಅಷ್ಟು ಕೆಳಗಿಲ್ಲ. ಹಸಿರು ಬೆಳಕು ಬರುತ್ತದೆ, ಫೈಲ್ ಹೋಗುತ್ತದೆ. ಮನೆಯಲ್ಲಿ ಮಾತು 12 ಘಟಕ ಕೆಳಗೆ ಬಿದ್ದಿರುತ್ತದೆ.

ನೆಟ್‌ಫ್ಲಿಕ್ಸ್ ದಾರಿ ನನಗೆ ಹೆಚ್ಚು ಒಪ್ಪಿಗೆ. ಅದು ಕೇಳುವುದು ಮಾತಿನ ಮಟ್ಟವನ್ನೇ: -27, ಎರಡು ಘಟಕ ಆಚೀಚೆ. ಆರ್ 128ಕ್ಕೂ ಆಮೇಲೆ ಪೂರಕವೊಂದು ಬಂದಿದೆ, ಸಿನಿಮಾ ಥರದ ಕಾರ್ಯಕ್ರಮದಲ್ಲಿ ಒಟ್ಟು ಮಟ್ಟಕ್ಕೂ ಮಾತಿಗೂ ಇರುವ ಅಂತರ ನೋಡಿ ಅನ್ನುತ್ತದೆ. ಒಳ್ಳೆಯದು, ಆದರೆ ತಡ.

ಹಾಗಂತ ಪಿಸುಮಾತೇ ಬೇಡವೆಂದಲ್ಲ. ಎಲ್ಲವನ್ನೂ ಒಂದೇ ಸಮ ಮಾಡಿದರೆ ನಾಟಕ ಸಾಯುತ್ತದೆ. ಮಿಕ್ಸ್ ಮಾಡುವವರ ತೊಂದರೆ ಏನೆಂದರೆ, ಅದೇ ಸಂಭಾಷಣೆಯನ್ನು ಐವತ್ತು ಸಲ ಕೇಳಿರುತ್ತಾರೆ. ಅರ್ಧ ಪದ ಸಾಕು, ಉಳಿದದ್ದು ತಲೆಯಲ್ಲೇ ಇರುತ್ತದೆ. ಇನ್ನೊಂದು ಭಾಷೆಯಲ್ಲಿ ಕೇಳುವವರಿಗೆ ಆ ಅನುಕೂಲ ಇಲ್ಲ. ಊರಿಂದ ಬಂದ ಅಮ್ಮನಿಗೆ ಇಂಗ್ಲಿಷ್ ನಾಟಕ, ಇಲ್ಲೇ ಹುಟ್ಟಿದ ಮಗಳಿಗೆ ಕನ್ನಡ ಸೀರಿಯಲ್: ಎರಡರಲ್ಲೂ ಪದದ ಕೊನೆ ಮುಳುಗಿದರೆ ಅರ್ಥವೇ ಹೋಯಿತು. ‘ಬಂದಳು’, ‘ಬಂದರು’ ಬೇರೆಯಾಗುವುದೇ ಆ ಕೊನೆಯಲ್ಲಿ.

ಫೈಲ್ ಕಳಿಸುವ ಮೊದಲು ಸ್ಕ್ರಿಪ್ಟ್ ಓದಿಲ್ಲದ ಒಬ್ಬರನ್ನು ಮಾಮೂಲಿ ಟಿವಿ ಮುಂದೆ, ಪಕ್ಕದಲ್ಲಿ ಕುಕ್ಕರ್ ಕೂಗುತ್ತಿರುವಾಗ, ಕೂರಿಸಿ ಕೇಳಿಸಲಿ. ಅದಕ್ಕೆ ಮೀಟರ್ ಬೇಡ.