‘ಫೋಕ್’ ಪದದ ಅರ್ಥಸ್ತರಗಳು ಮತ್ತು ಕನ್ನಡ ಜಾನಪದ ವಿಮರ್ಶೆಯ ಪರಿಭಾಷೆ

ಇಂಗ್ಲಿಷಿನ ‘ಫೋಕ್‌ಲೋರ್’ ಪದಕ್ಕೆ ಸಂವಾದಿಯಾಗಿ ಕನ್ನಡದಲ್ಲಿ ‘ಜಾನಪದ’ ಎಂಬ ಪದವನ್ನು ಬಳಸುವುದು ರೂಢಿಯಾಗಿದೆ. ನಮ್ಮ ಪಠ್ಯಗಳಲ್ಲಿ 1846ರಲ್ಲಿ ವಿಲಿಯಂ ಜಾನ್ ಥಾಮ್ಸ್ ಈ ಪದವನ್ನು ಟಂಕಿಸಿದನೆಂಬ ಒಂದು ವಾಕ್ಯ ತಪ್ಪದೆ ಬರುತ್ತದೆ. ಅಲ್ಲಿಂದ ಚರ್ಚೆ ವ್ಯಾಖ್ಯೆಗಳ ಪಟ್ಟಿಗೆ ಹೊರಳುತ್ತದೆ. ಟಂಕಿಸಿದ್ದು ಸಮಾಸಪದವನ್ನು ಮಾತ್ರ. ಅದರ ಪೂರ್ವಪದವಾದ ‘ಫೋಕ್’ ಅಷ್ಟರಲ್ಲಿ ಸಾವಿರ ವರ್ಷ ಬದುಕಿ, ಒಮ್ಮೆ ಮೂಲೆಗುಂಪಾಗಿ, ಮತ್ತೆ ಎದ್ದು ಬಂದ ಪದ. ಅದು ಹೊತ್ತು ತಂದ ಅರ್ಥಗಳಲ್ಲಿ ಯಾವುದನ್ನು ನಾವು ಪಡೆದುಕೊಂಡೆವು, ಯಾವುದನ್ನು ಬಿಟ್ಟೆವು, ಪಡೆದುಕೊಂಡದ್ದರಿಂದ ನಮ್ಮ ಹಾಡುಗಾರರಿಗೆ ಏನಾಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಳೆಯ ಇಂಗ್ಲಿಷಿನಲ್ಲಿ ಈ ಪದದ ರೂಪ ‘ಫೋಲ್ಕ್’. ಜರ್ಮನ್ನಿನ ‘ಫೋಲ್ಕ್’, ಡಚ್ಚಿನ ‘ವೋಲ್ಕ್’, ಸ್ವೀಡಿಷಿನ ‘ಫೋಲ್ಕ್’ ಇದರ ಜ್ಞಾತಿಪದಗಳು. ಜನ, ಕುಲ ಎಂಬ ಅರ್ಥಗಳ ಜೊತೆಗೆ ದಂಡು, ಸೇನೆ ಎಂಬ ಅರ್ಥವೂ ಅದಕ್ಕಿತ್ತು. ಹಳೆಯ ಇಂಗ್ಲಿಷ್ ಕಾವ್ಯದಲ್ಲಿ ಸೇನಾನಾಯಕನಿಗೆ ‘ಫೋಲ್ಕ್-ತೋಗ’ ಎಂಬ ಮಾತಿದೆ. ಜರ್ಮಾನಿಕ್ ಮೂಲದಿಂದ ಸ್ಲಾವಿಕ್ ಭಾಷೆಗಳು ಎರವಲು ಪಡೆದ ‘ಪೋಲ್ಕ್’ ಎಂಬ ಪದ ಇಂದಿಗೂ ರಷ್ಯನ್ನಿನಲ್ಲಿ ಸೇನೆಯ ರೆಜಿಮೆಂಟ್ ಎಂಬ ಅರ್ಥವನ್ನೇ ಕೊಡುತ್ತದೆ. ಇಂಗ್ಲೆಂಡಿನ ನಾರ್ಫೋಕ್, ಸಫೋಕ್ ಎಂಬ ಸೀಮೆಯ ಹೆಸರುಗಳಲ್ಲಿ ಉತ್ತರದ ಜನ, ದಕ್ಷಿಣದ ಜನ ಎಂಬ ಅರ್ಥ ಉಳಿದಿದೆ. ಈ ಯಾವ ಬಳಕೆಯಲ್ಲಿಯೂ ‘ಫೋಕ್’ ಎಂದರೆ ಹಳ್ಳಿಗ ಎಂದಾಗಲಿ, ಅನಕ್ಷರಸ್ಥ ಎಂದಾಗಲಿ, ಕೆಳವರ್ಗ ಎಂದಾಗಲಿ ಅರ್ಥವಿಲ್ಲ. ಒಂದು ನೆಲದಲ್ಲಿ ಒಟ್ಟಾಗಿ ನಿಂತ, ಅಗತ್ಯ ಬಿದ್ದರೆ ಆಯುಧ ಹಿಡಿಯುವ ಇಡೀ ಸಮುದಾಯವೇ ಫೋಕ್.

1066ರ ನಾರ್ಮನ್ ವಿಜಯದ ಅನಂತರ ಫ್ರೆಂಚಿನಿಂದ ಬಂದ ‘ಪೀಪಲ್’ ಎಂಬ ಪದ ಕ್ರಮೇಣ ಈ ಜಾಗವನ್ನು ಆಕ್ರಮಿಸಿತು. ರಾಜಕೀಯ, ಧರ್ಮ, ಕಾನೂನುಗಳ ‘ಜನ’ ಪೀಪಲ್ ಆದರು. ‘ಫೋಕ್’ ಮನೆಮಾತಿಗೆ ಸರಿಯಿತು. ‘ನಮ್ಮ ಮನೆಯವರು’, ‘ಹೆತ್ತವರು’ ಎಂಬ ಅರ್ಥದಲ್ಲಿ ‘ಫೋಕ್ಸ್’ ಎನ್ನುವ ಬಳಕೆ ಅಮೆರಿಕದ ಆಡುಮಾತಿನಲ್ಲಿ ಇಂದಿಗೂ ಇದೆ. ಹೀಗೆ ಗೌರವದ ಸ್ಥಾನವನ್ನು ಕಳೆದುಕೊಂಡು ಆಪ್ತತೆಯನ್ನು ಮಾತ್ರ ಉಳಿಸಿಕೊಂಡ ಪದವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಮತ್ತೆ ಮೇಲೆತ್ತಿದ್ದು ಜರ್ಮನ್ ಪ್ರಭಾವ. ಹೆರ್ಡರ್ 1778-79ರಲ್ಲಿ ‘ಫೋಲ್ಕ್ಸ್‌ಲೀಡರ್’ ಎಂಬ ಹೆಸರಿನಲ್ಲಿ ಹಲವು ಭಾಷೆಗಳ ಹಾಡುಗಳನ್ನು ಪ್ರಕಟಿಸಿದ. ‘ಫೋಲ್ಕ್’ ಎಂಬುದು ಅವನಲ್ಲಿ ಒಂದು ಜನಾಂಗದ ಆತ್ಮವನ್ನು ಸೂಚಿಸುವ ಮಾತಾಯಿತು. 1812 ಮತ್ತು 1815ರಲ್ಲಿ ಗ್ರಿಮ್ ಸಹೋದರರ ಕಥಾಸಂಪುಟಗಳು ಬಂದವು. ಅವರಿಗೆ ಕಥೆ ಹೇಳಿದವರಲ್ಲಿ ಹಾಸೆನ್‌ಫ್ಲೂಗ್ ಮನೆತನದ ಓದುಬಲ್ಲ ಹೆಣ್ಣುಮಕ್ಕಳಿದ್ದರು. ದರ್ಜಿಯ ಹೆಂಡತಿ ಡೊರೊಥಿಯಾ ಫೀಮಾನ್ ಹ್ಯೂಗೆನಾಟ್ ಪೂರ್ವಿಕರಿದ್ದ ಮನೆತನದವಳು. ‘ಜನಾಂಗದ ಆತ್ಮ’ದ ದನಿಯೆಂದು ಓದುಗರು ಕೇಳಿಸಿಕೊಂಡದ್ದು ಹೀಗೆ ನಡುಮನೆಯ ದನಿಯೂ ಆಗಿತ್ತು, ಗಡಿಯಾಚೆಯ ದನಿಯೂ ಆಗಿತ್ತು.

ಥಾಮ್ಸ್‌ನ ಪತ್ರ ‘ಅಥೀನಿಯಂ’ ಪತ್ರಿಕೆಯಲ್ಲಿ 1846ರ ಆಗಸ್ಟ್ 22ರಂದು ಅಂಬ್ರೋಸ್ ಮೆರ್ಟನ್ ಎಂಬ ಗುಪ್ತನಾಮದಲ್ಲಿ ಅಚ್ಚಾಯಿತು. ಅದುವರೆಗೆ ಇಂಗ್ಲೆಂಡಿನಲ್ಲಿ ಈ ಸಾಮಗ್ರಿಗೆ ‘ಪಾಪ್ಯುಲರ್ ಆಂಟಿಕ್ವಿಟೀಸ್’ ಎಂಬ ಲ್ಯಾಟಿನ್ ಮೂಲದ ಹೆಸರಿತ್ತು; 1777ರ ಜಾನ್ ಬ್ರ್ಯಾಂಡ್‌ನ ಗ್ರಂಥ ಆ ಹೆಸರಿನದೇ. ಥಾಮ್ಸ್ ಅದನ್ನು ತೆಗೆದು ಸ್ಯಾಕ್ಸನ್ ಮೂಲದ ಎರಡು ಪದಗಳನ್ನು ಜೋಡಿಸಿದ. ಉತ್ತರಪದವಾದ ‘ಲೋರ್’ ಕಲಿಕೆ, ಬೋಧನೆ ಎಂಬ ಅರ್ಥದ್ದು. ಆದರೆ ಅವನು ಪಟ್ಟಿ ಮಾಡಿದ ಆಚಾರ, ನಂಬಿಕೆ, ಲಾವಣಿ, ಗಾದೆಗಳೆಲ್ಲ ಅವನ ದೃಷ್ಟಿಯಲ್ಲಿ ಹಳೆಯ ಕಾಲಕ್ಕೆ ಸೇರಿದವು, ಅಳಿಯುತ್ತಿರುವಂಥವು. ಹೆಸರಿನಿಂದ ‘ಪ್ರಾಚೀನತೆ’ ಹೋಯಿತು, ಪರಿಕಲ್ಪನೆಯಿಂದ ಹೋಗಲಿಲ್ಲ. ಕನ್ನಡದ ಸಂಗ್ರಹಗಳ ಮುನ್ನುಡಿಗಳಲ್ಲಿ ಇಂದಿಗೂ ಕೇಳಿಬರುವ ‘ಅಳಿದುಹೋಗುವ ಮುನ್ನ ಉಳಿಸಿಕೊಳ್ಳಬೇಕು’ ಎಂಬ ಆತಂಕದ ಧಾಟಿ ಈ ಪರಂಪರೆಯದು.

‘ಫೋಕ್ ಎಟಿಮಾಲಜಿ’ ಎಂಬ ಪ್ರಯೋಗವನ್ನೂ ಇಲ್ಲಿ ಗಮನಿಸಬೇಕು. 1852ರಲ್ಲಿ ಅರ್ನ್‌ಸ್ಟ್ ಫೋರ್ಸ್ಟೆಮಾನ್ ಬಳಕೆಗೆ ತಂದ ಜರ್ಮನ್ ಪದದ ಅನುವಾದವಿದು. ಇಲ್ಲಿ ‘ಫೋಕ್’ ಎಂದರೆ ಪದಮೂಲವನ್ನು ತಪ್ಪಾಗಿ ಊಹಿಸುವವರು. ಬೆಂದಕಾಳೂರು ಬೆಂಗಳೂರಾಯಿತು ಎಂಬ ಐತಿಹ್ಯ ನಮಗೆ ಹತ್ತಿರದ ಉದಾಹರಣೆ. ಹೊಯ್ಸಳ ಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳೆಂದು ಕಥೆ ಹೇಳುತ್ತದೆ. ಬೇಗೂರಿನ ಸುಮಾರು ಕ್ರಿ.ಶ. 890ರ ವೀರಗಲ್ಲು ಆ ದೊರೆಗಿಂತ ಎಷ್ಟೋ ಮೊದಲೇ ಬೆಂಗಳೂರ ಕಾಳಗವನ್ನು ಹೆಸರಿಸಿದೆ. ಭಾಷಾವಿಜ್ಞಾನಿಗೆ ಚರ್ಚೆ ಇಲ್ಲಿಗೆ ಮುಗಿಯಿತು. ಜಾನಪದ ಅಧ್ಯಯನಕಾರನಿಗೆ ಆರಂಭವಾಗುವುದು ಇಲ್ಲಿಯೇ: ದೊರೆಯ ಹಸಿವನ್ನು ಬಡ ಮುದುಕಿಯ ಕಾಳು ತಣಿಸಿತೆಂದು ಒಂದು ಊರು ತನ್ನ ಹೆಸರಿನ ಬಗ್ಗೆ ಹೇಳಿಕೊಳ್ಳುವುದು ಏಕೆ? ಒಂದೇ ವಿಶೇಷಣ ಒಂದು ಶಿಸ್ತಿನಲ್ಲಿ ದೋಷವನ್ನೂ ಇನ್ನೊಂದರಲ್ಲಿ ಸಂಪತ್ತನ್ನೂ ಸೂಚಿಸುತ್ತದೆ.

ಈಗ ಕನ್ನಡದ ಪದಕ್ಕೆ ಬರಬಹುದು. ‘ಜನಪದ’ ಎಂದರೆ ಜನರು ಕಾಲೂರಿದ ನೆಲ. ಹದಿನಾರು ಮಹಾಜನಪದಗಳಲ್ಲಿ ಅದು ನಾಡು, ರಾಜ್ಯ. ಕೌಟಿಲ್ಯನ ಸಪ್ತಾಂಗಗಳಲ್ಲಿ ಸ್ವಾಮಿ, ಅಮಾತ್ಯರ ಅನಂತರ ಬರುವ ಮೂರನೆಯ ಅಂಗ, ದುರ್ಗಕ್ಕಿಂತ ಬೇರೆಯಾದದ್ದು. ‘ಪೌರಜಾನಪದ’ ಎಂಬ ಜೋಡಿಪ್ರಯೋಗದಲ್ಲಿ ಪೌರರು ಪುರದವರು, ಜಾನಪದರು ನಾಡಿನವರು. ಅಂದರೆ ಇಂಗ್ಲಿಷ್ ಪದಕ್ಕೆ ಮೂಲದಲ್ಲಿ ಇಲ್ಲದ ನಗರ-ನಾಡು ವಿಭಜನೆ ನಮ್ಮ ಪದದ ಒಡಲಲ್ಲಿಯೇ ಇದೆ. ತಮಿಳಿನ ‘ನಾಟ್ಟುಪ್ಪುರ’ ಎಂಬುದೂ ಇದೇ ದಿಕ್ಕಿನದು. ಹಿಂದಿ, ಮರಾಠಿಗಳು ಆಯ್ದುಕೊಂಡ ‘ಲೋಕ’ ಎಂಬ ಪದಕ್ಕೆ ಈ ಮಿತಿಯಿಲ್ಲ. ಕನ್ನಡದ ವಿದ್ವಾಂಸರು ಜನರನ್ನೂ ಸಾಮಗ್ರಿಯನ್ನೂ ‘ಜನಪದ’ವೆಂದು, ಅಧ್ಯಯನವನ್ನು ‘ಜಾನಪದ’ವೆಂದು ಬೇರ್ಪಡಿಸಲು ಯತ್ನಿಸಿದ್ದಾರೆ. ಒಂದು ದೀರ್ಘದ ಮೇಲೆ ಇಷ್ಟು ಭಾರ ಹೇರುವುದು ವ್ಯಾಕರಣಕ್ಕೆ ಒಪ್ಪಿದರೂ ಬಳಕೆಗೆ ಒಗ್ಗಿಲ್ಲವೆಂಬುದು ಎಲ್ಲ ಗ್ರಂಥಾಲಯಗಳ ಕಪಾಟುಗಳಲ್ಲಿಯೂ ಕಾಣುತ್ತದೆ.

ಆರಂಭಕಾಲದ ಕನ್ನಡ ಸಂಗ್ರಾಹಕರಿಗೆ ಈ ಪದ ಅನಿವಾರ್ಯವಾಗಿರಲಿಲ್ಲ. ಹಲಸಂಗಿ ಗೆಳೆಯರ 1931ರ ಸಂಕಲನದ ಹೆಸರು ‘ಗರತಿಯ ಹಾಡು’. ಹಾಡು ಯಾರದೆಂಬುದನ್ನು ಆ ಹೆಸರು ನೇರವಾಗಿ ಹೇಳುತ್ತದೆ. ಅದು ಮನೆವಾರ್ತೆಯ ಹೆಣ್ಣಿನದು. ‘ಜಾನಪದ ಗೀತೆ’ ಎಂದ ಕೂಡಲೇ ಆ ಹೆಣ್ಣು ಮರೆಯಾಗಿ ಸಮಷ್ಟಿ ಮುಂದೆ ಬರುತ್ತದೆ. ವಿಶ್ವವಿದ್ಯಾಲಯಗಳಲ್ಲಿ ಶಿಸ್ತು ನೆಲೆಗೊಳ್ಳಲು ಇಂಥ ವಿಶಾಲ ಪದ ಬೇಕಾಗಿತ್ತೆಂಬುದನ್ನು ಒಪ್ಪಬೇಕು. ಆದರೆ ಅದರ ಬೆಲೆಯನ್ನು ನಾವು ಲೆಕ್ಕ ಹಾಕಿಲ್ಲ.

ಬೆಲೆ ಯಾವುದೆಂಬುದಕ್ಕೆ ಎರಡು ಹಳೆಯ ಸಂಗ್ರಹಗಳು ಸಾಕ್ಷಿ. ಚಾರ್ಲ್ಸ್ ಗೋವರ್ 1871ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ‘ಫೋಕ್-ಸಾಂಗ್ಸ್’ ಸಂಪುಟದಲ್ಲಿ ಬಡಗ ಮತ್ತು ಕೊಡವ ಹಾಡುಗಳಿವೆ. ಜೊತೆಗೆ ತಿರುಕ್ಕುರಳ್ ಇದೆ, ವೇಮನನ ಪದ್ಯಗಳಿವೆ. ಕನ್ನಡ ಭಾಗದಲ್ಲಿರುವುದು ಮುಖ್ಯವಾಗಿ ಹರಿದಾಸರ ಪದಗಳು. ಪುರಂದರದಾಸರ ಅಂಕಿತವಿರುವ, ತಾಳೆಗರಿಗಳಲ್ಲಿ ಉಳಿದುಬಂದ ರಚನೆಗಳನ್ನು ‘ಫೋಕ್’ ಎನ್ನಲು ಗೋವರನಿಗೆ ಯಾವ ಹಿಂಜರಿಕೆಯೂ ಇಲ್ಲ. ಅನಾಮಿಕತೆ, ಮೌಖಿಕತೆ ಎಂಬ ಲಕ್ಷಣಗಳು ಅವನಿಗೆ ಮುಖ್ಯವಲ್ಲ. ಸಂಸ್ಕೃತದ ಹೊರಗೆ, ಜನರ ಬಾಯಲ್ಲಿ ಇರುವುದೆಲ್ಲ ಫೋಕ್. ಗೋವರನದು ವರ್ಗೀಕರಣದ ಗೊಂದಲವೆಂದು ತಳ್ಳಿಹಾಕುವುದು ಸುಲಭ. ಆದರೆ ಶಿಶುನಾಳ ಶರೀಫರ (1819-1889) ತತ್ತ್ವಪದಗಳನ್ನು ಜಾನಪದ ವೇದಿಕೆಗಳಲ್ಲಿ ಹಾಡಿಸುವ ನಾವು ಅವನಿಗಿಂತ ಹೆಚ್ಚು ಸ್ಪಷ್ಟರಾಗಿದ್ದೇವೆಂದು ಹೇಳಲಾಗದು.

ಎರಡನೆಯದು ಜೆ.ಎಫ್. ಫ್ಲೀಟ್ 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳು. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಸರ್ಕಾರಿ ಆಜ್ಞೆಯನ್ನು ಧಿಕ್ಕರಿಸಿದ ಹಲಗಲಿಯ ಬೇಡರ ಲಾವಣಿ ಅವುಗಳಲ್ಲಿ ಪ್ರಸಿದ್ಧವಾದುದು. ಅದರಲ್ಲಿ ಕುರ್ತಕೋಟಿ ಕಲ್ಮೇಶನ ಅಂಕಿತವಿದೆ. ಲಾವಣಿಕಾರ ತನ್ನ ಊರನ್ನೂ ದೈವವನ್ನೂ ಕಾವ್ಯದೊಳಗೇ ನಮೂದಿಸಿ ಹಕ್ಕು ಸ್ಥಾಪಿಸಿದ್ದಾನೆ. ಈ ಲಾವಣಿಯನ್ನು ‘ಕರ್ತೃ ಅಜ್ಞಾತ’ ಎಂಬ ಲಕ್ಷಣದಡಿ ಪಾಠ ಹೇಳುವಾಗ ನಾವು ಅಂಕಿತವನ್ನು ಛಂದಸ್ಸಿನ ಅಲಂಕಾರವೆಂಬಂತೆ ದಾಟಿಹೋಗುತ್ತೇವೆ. ಆಯುಧ ಹಿಡಿದ ಸಮುದಾಯವೆಂಬ ‘ಫೋಕ್’ ಪದದ ಅತಿ ಹಳೆಯ ಅರ್ಥ ಈ ಲಾವಣಿಯ ವಸ್ತುವಿಗೆ ಎಷ್ಟು ಹತ್ತಿರ, ಅನಾಮಿಕ ಮುಗ್ಧ ಜನ ಎಂಬ ರಮ್ಯ ಅರ್ಥ ಎಷ್ಟು ದೂರ!

ದಕ್ಷಿಣ ಕರ್ನಾಟಕದ ವೃತ್ತಿಗಾಯಕ ಪರಂಪರೆಗಳಲ್ಲಿ ಈ ಸಮಸ್ಯೆ ಇನ್ನೂ ತೀವ್ರವಾಗಿದೆ. ಮಲೆಮಾದೇಶ್ವರನ ಕಥೆಯನ್ನು ಕಂಸಾಳೆಯೊಂದಿಗೆ ಹಾಡುವ ದೇವರ ಗುಡ್ಡರು, ಮಂಟೇಸ್ವಾಮಿಯನ್ನು ತಂಬೂರಿಯೊಂದಿಗೆ ಹಾಡುವ ನೀಲಗಾರರು ದೀಕ್ಷೆ ಪಡೆದವರು. ಯಾರಿಂದ ಕಲಿತರು, ಯಾವ ಒಕ್ಕಲಿಗೆ ಸೇರಿದವರು ಎಂಬುದು ಅವರಿಗೆ ಸ್ಪಷ್ಟ. ಕಥಾಭಾಗಗಳಿಗೆ ‘ಸಾಲು’ ಎಂಬ ಅವರದೇ ಹೆಸರಿದೆ. ಸಂಕಮ್ಮನ ಸಾಲು ಎಂದರೆ ಕೇಳುಗರಿಗೆ ಗೊತ್ತು. ಇವರನ್ನು ‘ಜನಪದರು’ ಎಂದು ಕರೆದಾಗ ಗುರು, ದೀಕ್ಷೆ, ಸಾಲು ಇವೆಲ್ಲವೂ ‘ಜನಸಾಮಾನ್ಯರ ಸಹಜ ಅಭಿವ್ಯಕ್ತಿ’ಯೊಳಗೆ ಕರಗಿಹೋಗುತ್ತವೆ. ಅದನ್ನು ಸರಿಪಡಿಸಲು ತಂದ ‘ಜನಪದ ಮಹಾಕಾವ್ಯ’ ಎಂಬ ಮಾತು ಗೌರವ ಹೆಚ್ಚಿಸಿತಾದರೂ, ‘ಸಾಲಿ’ನ ಬದಲು ಹೋಮರನ ಅಳತೆಗೋಲನ್ನು ತಂದಿತು.

ಶಿಸ್ತಿನ ಒಳಗಿನಿಂದಲೇ ಈ ಪದದ ವಿಮರ್ಶೆ ನಡೆದಿದೆಯೆಂಬುದು ನಿಜ. ಅಲನ್ ಡಂಡೆಸ್ ಅವರು ಯಾವುದಾದರೊಂದು ಅಂಶವನ್ನು ಹಂಚಿಕೊಂಡ ಯಾವ ಗುಂಪಾದರೂ ‘ಫೋಕ್’ ಆಗಬಹುದೆಂದು ವಾದಿಸಿ ಹಳ್ಳಿಯ ಬೇಲಿಯನ್ನು ಕಿತ್ತರು. ಡಾನ್ ಬೆನ್-ಅಮೋಸ್ 1971ರಲ್ಲಿ ಸಾಮಗ್ರಿಯಿಂದ ಸಂವಹನದ ಕಡೆಗೆ ಗಮನವನ್ನು ತಿರುಗಿಸಿದರು. ಇವೆರಡೂ ಉಪಯುಕ್ತ, ಆದರೆ ಎಲ್ಲರೂ ಫೋಕ್ ಆದ ಮೇಲೆ ಜಾತಿ, ವೃತ್ತಿಗಳ ಶ್ರೇಣಿಯನ್ನು ವಿವರಿಸುವ ಬಲ ಪದಕ್ಕೆ ಉಳಿಯುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಜರ್ಮನಿಯ ಅನುಭವ ಬೇರೆ ಬಗೆಯದು. ನಾಜಿ ಆಡಳಿತ ‘ಫೋಲ್ಕ್’ ಪದವನ್ನು ಜನಾಂಗದ್ವೇಷಕ್ಕೆ ಬಳಸಿದ ಮೇಲೆ ಅಲ್ಲಿನ ವಿದ್ವಾಂಸರು ಶಿಸ್ತಿನ ಹೆಸರನ್ನೇ ಪ್ರಶ್ನಿಸಿದರು. ಹೆರ್ಮಾನ್ ಬೌಸಿಂಗರ್ ಅವರಿದ್ದ ಟ್ಯೂಬಿಂಗನ್ ಸಂಸ್ಥೆ 1971ರಲ್ಲಿ ‘ಫೋಲ್ಕ್ಸ್‌ಕುಂಡೆ’ಯನ್ನು ಬಿಟ್ಟು ‘ಅನುಭವಾಧಾರಿತ ಸಂಸ್ಕೃತಿ ವಿಜ್ಞಾನ’ ಎಂಬ ಅರ್ಥದ ಹೆಸರನ್ನು ತಳೆಯಿತು. ಯುನೆಸ್ಕೊ 1989ರ ಶಿಫಾರಸಿನಲ್ಲಿ ‘ಫೋಕ್‌ಲೋರ್’ ಎಂದು ಬರೆಯಿತು; 2003ರ ಒಡಂಬಡಿಕೆಯ ಹೆಸರಿನಲ್ಲಿ ಅದನ್ನು ಕೈಬಿಟ್ಟು ‘ಅಮೂರ್ತ ಸಾಂಸ್ಕೃತಿಕ ಪರಂಪರೆ’ ಎಂದಿತು.

ಮಾರುಕಟ್ಟೆ ಮಾತ್ರ ಪದವನ್ನು ಬಿಟ್ಟಿಲ್ಲ. ಅಮೆರಿಕದಲ್ಲಿ ‘ಫೋಕ್’ ಒಂದು ಸಂಗೀತ ಪ್ರಕಾರವಾಗಿ, 1965ರ ನ್ಯೂಪೋರ್ಟ್ ಉತ್ಸವದಲ್ಲಿ ಬಾಬ್ ಡಿಲನ್ ವಿದ್ಯುತ್ ಗಿಟಾರು ಹಿಡಿದಾಗ ಅದು ಫೋಕ್ ಹೌದೋ ಅಲ್ಲವೋ ಎಂಬ ಜಗಳವೆದ್ದಿತು. ಈಗ ಯೂಟ್ಯೂಬಿನಲ್ಲಿ ‘ಉತ್ತರ ಕರ್ನಾಟಕ ಜಾನಪದ’ವೆಂದು ಹುಡುಕಿದರೆ ಸಿಗುವ ಬಹುಪಾಲು ಹಾಡುಗಳು ಹೊಸದಾಗಿ ಬರೆದ ಪ್ರೇಮಗೀತೆಗಳು, ಸಾಹಿತ್ಯ ಯಾರದು, ಗಾಯನ ಯಾರದು ಎಂಬ ವಿವರ ಆರಂಭದಲ್ಲಿಯೇ ಬರುತ್ತದೆ. ವಿದ್ವಾಂಸರು ಇವನ್ನು ಕಂಡು ಮೂಗು ಮುರಿಯುವುದುಂಟು. ಆದರೆ ಕರ್ತೃವನ್ನು ಹೆಸರಿಸುವುದರಲ್ಲಿ ಈ ಹುಡುಗರು ನಮ್ಮ ಸಂಪಾದಿತ ಗ್ರಂಥಗಳಿಗಿಂತ ಪ್ರಾಮಾಣಿಕರು.

ನಮ್ಮ ಎಷ್ಟೋ ಸಂಗ್ರಹಗಳ ಮುಖಪುಟದಲ್ಲಿರುವುದು ಸಂಪಾದಕರ ಹೆಸರು. ದಿನಗಟ್ಟಲೆ ಹಾಡಿದವರ ಹೆಸರು ಅನುಬಂಧದ ‘ವಕ್ತೃಗಳ ಪಟ್ಟಿ’ಯಲ್ಲಿ, ಊರು ವಯಸ್ಸುಗಳೊಡನೆ. 1957ರ ಹಕ್ಕುಸ್ವಾಮ್ಯ ಕಾಯಿದೆಗೆ 1994ರ ತಿದ್ದುಪಡಿ ಪ್ರದರ್ಶಕರ ಹಕ್ಕನ್ನು ಸೇರಿಸಿದೆ. ಹಾಡಿದವರಿಗೆ ಹಾಡಿಕೆಯ ಮೇಲೆ ಹಕ್ಕುಂಟು. ಅದೇ ಹಾಡಿಕೆಯನ್ನು ಅಕ್ಷರಕ್ಕಿಳಿಸಿದ ಪಠ್ಯದ ಕರ್ತೃತ್ವದ ಪ್ರಶ್ನೆ ಬಂದಾಗ ‘ಜಾನಪದ’ ಎಂಬ ಹಣೆಪಟ್ಟಿ ಎಲ್ಲರ ಸೊತ್ತು, ಆದ್ದರಿಂದ ಯಾರ ಸೊತ್ತೂ ಅಲ್ಲ ಎಂಬ ಅರ್ಥವನ್ನು ಕೊಡುತ್ತದೆ.

ಬೇರೆ ದಾರಿಯಿರಲಿಲ್ಲವೆಂದು ಹೇಳುವಂತಿಲ್ಲ. ತುಳುವಿನ ಸಿರಿ ಪಾಡ್ದನವನ್ನು ಲೌರಿ ಹಾಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡ ಮತ್ತು ಅನೆಲಿ ಹಾಂಕೊ ಅವರ ಸಹಯೋಗದಲ್ಲಿ ದಾಖಲಿಸಿ 1998ರಲ್ಲಿ ಹೆಲ್ಸಿಂಕಿಯಲ್ಲಿ ಪ್ರಕಟಿಸಿದರು. 15,683 ಸಾಲುಗಳ ಆ ಗ್ರಂಥದ ಶೀರ್ಷಿಕೆಯಲ್ಲಿಯೇ ಗೋಪಾಲ ನಾಯ್ಕರ ಹೆಸರಿದೆ: ಅವರು ಪ್ರದರ್ಶಿಸಿದ ಸಿರಿ ಕಾವ್ಯ. ಪಠ್ಯ ಸಮುದಾಯದ್ದು, ಈ ಪಠ್ಯ ಈ ಗಾಯಕನದು ಎಂಬ ಎರಡು ಸತ್ಯಗಳನ್ನೂ ಆ ಶೀರ್ಷಿಕೆ ಹಿಡಿದಿದೆ. ‘ಜಾನಪದ’ ಎಂಬ ಪದವನ್ನು ತ್ಯಜಿಸಬೇಕೆಂದು ನಾನು ವಾದಿಸುತ್ತಿಲ್ಲ. ಶಿಸ್ತಿನ ಹೆಸರಾಗಿ ಅದು ಇರಲಿ. ಸಾಮಗ್ರಿಯ ಹೆಸರಾಗಿ ಪರಂಪರೆಯ ಒಳಗಿನ ಮಾತುಗಳೇ, ಅಂದರೆ ಸಾಲು, ಸಂಧಿ, ಪಾಡ್ದನ, ಲಾವಣಿ, ಗರತಿಯ ಹಾಡು ಎಂಬುವೇ ಬರಬೇಕು. ಮರುಮುದ್ರಣವಾಗುವ ಸಂಗ್ರಹಗಳಲ್ಲಿ ವಕ್ತೃಗಳ ಪಟ್ಟಿಯನ್ನು ಅನುಬಂಧದಿಂದ ಶೀರ್ಷಿಕೆ ಪುಟಕ್ಕೆ ತರುವುದಕ್ಕೆ ಹೊಸ ಕ್ಷೇತ್ರಕಾರ್ಯ ಬೇಕಿಲ್ಲ. ಹೆಸರುಗಳು ಅಲ್ಲಿಯೇ ಇವೆ. ಗ್ರಂಥಾಲಯದ ಸೂಚಿಯಲ್ಲಿ ಸಂಪಾದಕರ ನಮೂದಿನ ಜೊತೆಗೆ ಹಾಡಿದವರಿಗೂ ಒಂದು ನಮೂದು ತೆರೆದರೆ, ಒಬ್ಬ ನೀಲಗಾರ ಯಾವ ಯಾವ ಸಂಪುಟಗಳಿಗೆ ಹಾಡಿದ್ದಾನೆಂಬುದನ್ನು ಸಂಶೋಧಕ ಕಪಾಟಿನ ಎದುರು ನಿಂತೇ ಕಂಡುಕೊಳ್ಳಬಹುದು.