ಬೀಕರಿನಲ್ಲಿ ಗೆದ್ದ ಮಣಿ

ಸೋಡಿಯಂ ಆಲ್ಜಿನೇಟ್ ದ್ರಾವಣವನ್ನು ಸಿರಿಂಜಿಗೆ ತುಂಬಿಕೊಂಡು, ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿದ ನೀರಿಗೆ ಒಂದೊಂದೇ ಹನಿ ಬಿಡಬೇಕು. ಬಿದ್ದ ಹನಿ ನೀರಿನಲ್ಲಿ ಬೆರೆಯುವುದಿಲ್ಲ; ಬೆಂದ ಸಬ್ಬಕ್ಕಿಯ ಹಾಗೆ ಗುಂಡಗಾಗಿ ತಳ ಸೇರುತ್ತದೆ. ಕಂದು ಕಡಲಪಾಚಿಯಿಂದ ತೆಗೆದ ಈ ಅಂಟು ಹೆಪ್ಪುಗಟ್ಟಲು ಒಲೆಯೂ ಬೇಡ, ಗ್ಲುಟರಾಲ್ಡಿಹೈಡಿನಂಥ ವಿಷವೂ ಬೇಡ. ಅಕ್ಕಪಕ್ಕದ ಎಳೆಗಳನ್ನು ಕ್ಯಾಲ್ಸಿಯಮ್ಮೇ ಹಿಡಿದು ಕಟ್ಟುತ್ತದೆ. ಇಷ್ಟು ಮೆತ್ತನೆಯ ವಿಧಾನವಾದ್ದರಿಂದಲೇ 1980ರಲ್ಲಿ ಲಿಮ್ ಮತ್ತು ಸನ್ ಎಂಬ ಸಂಶೋಧಕರಿಗೆ ಇನ್ಸುಲಿನ್ ಸ್ರವಿಸುವ ಜೀವಂತ ಕೋಶಗುಚ್ಛಗಳನ್ನು ಇಂಥ ಮಣಿಗಳಲ್ಲಿಟ್ಟು, ಮೇಲೆ ಪಾಲಿಲೈಸಿನ್ ಪೊರೆ ಹೊದಿಸಿ, ಮಧುಮೇಹವಿದ್ದ ಇಲಿಗಳ ರಕ್ತದ ಸಕ್ಕರೆಯನ್ನು ಎರಡು ಮೂರು ವಾರ ಹತೋಟಿಯಲ್ಲಿಡಲು ಸಾಧ್ಯವಾಯಿತು. ಆ ಕೆಲಸದ ಬಗ್ಗೆ ನನಗೆ ಇಂದಿಗೂ ಅಪಾರ ಗೌರವವಿದೆ.

ಕೋಶ ದೊಡ್ಡದು, ಹಾಗಾಗಿ ಬಲೆಯೊಳಗೆ ನಿಲ್ಲುತ್ತದೆ. ಸಣ್ಣ ಅಣುವಿನ ಕಥೆಯೇ ಬೇರೆ. ನೀರಿನಲ್ಲಿ ಕರಗುವ ವಿಟಮಿನ್ನೋ ಪಾಲಿಫಿನಾಲೋ ಆದರೆ, ಮಣಿ ಗಟ್ಟಿಯಾಗುತ್ತಿರುವಾಗಲೇ ಒಂದಷ್ಟು ಪಾಲು ಕ್ಯಾಲ್ಸಿಯಂ ನೀರಿಗೆ ಸೋರಿಹೋಗಿರುತ್ತದೆ.

ಅರಿಶಿನದ ಕರ್ಕ್ಯುಮಿನ್ ಕುರಿತ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಕಾಣುವ ಪ್ರಯೋಗವನ್ನೇ ನೋಡಿ. ಕರ್ಕ್ಯುಮಿನ್ ತುಂಬಿದ ಮಣಿಗಳು ಪಿಎಚ್ 1.2ರ ಆಮ್ಲದಲ್ಲಿ ಎರಡು ಗಂಟೆ, ಆಮೇಲೆ ಪಿಎಚ್ 7.4ರ ಫಾಸ್ಫೇಟ್ ಬಫರ್. ಆಮ್ಲದಲ್ಲಿ ಬಿಡುಗಡೆ ಕಡಿಮೆ, ಬಫರಿನಲ್ಲಿ ಹೆಚ್ಚು. ಕೂಡಲೇ ‘ಕರುಳಿನಲ್ಲಿ ಮಾತ್ರ ಬಿಡುಗಡೆ’ ಎಂಬ ತೀರ್ಮಾನ. ಈ ತೀರ್ಮಾನವನ್ನು ನಾನು ಒಪ್ಪಲಾರೆ. ಆಮ್ಲದಲ್ಲಿ ಆಲ್ಜಿನೇಟ್ ಬಿಗಿಯುವುದು ನಿಜ, ಆದರೆ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ತೀರಾ ಕಡಿಮೆ. ಹೊರಬಾರದಿದ್ದದ್ದು ಮಣಿಯ ಬಿಗಿಯಿಂದಲೋ ಕರಗದಿರುವುದರಿಂದಲೋ ಎಂದು ಬಿಡುಗಡೆಯ ನಕ್ಷೆಯ ಗೆರೆ ಹೇಳುವುದಿಲ್ಲ. ಇನ್ನು ಬಫರಿನ ಫಾಸ್ಫೇಟ್ ಕ್ಯಾಲ್ಸಿಯಮ್ಮನ್ನು ಕಿತ್ತುಕೊಳ್ಳುತ್ತದೆ. ಗಂಟು ಬಿಚ್ಚಿದ ಮಣಿ ಉಬ್ಬಿ ಒಡೆಯುತ್ತದೆ. ಆದರೆ ನಮ್ಮ ಕರುಳಿನ ದ್ರವದಲ್ಲಿ ಮುಖ್ಯವಾಗಿರುವುದು ಬೈಕಾರ್ಬನೇಟ್, ಜೊತೆಗೆ ಪಿತ್ತರಸ ಮತ್ತು ಕಿಣ್ವಗಳು. ಅದೂ ಸಾಲದೆಂಬಂತೆ, ಪಿಎಚ್ 7.4ರ ಬರೀ ಬಫರಿನಲ್ಲಿ ಕರ್ಕ್ಯುಮಿನ್ ಅರ್ಧ ಗಂಟೆಯೊಳಗೆ ಬಹುಪಾಲು ಒಡೆದುಹೋಗುತ್ತದೆ.

ಕೊನೆಗೆ, ಬಿಡುಗಡೆಯನ್ನು ಕಾಲದೊಂದಿಗೆ ಜೋಡಿಸುವ ಕೋರ್ಸ್‌ಮೇಯರ್–ಪೆಪ್ಪಾಸ್ ಸಮೀಕರಣ. ಮೊದಲ ಶೇ 60ರಷ್ಟು ಬಿಡುಗಡೆಗೆ ಸಲ್ಲುವ ಸೂತ್ರವನ್ನು ಇಡೀ ಗೆರೆಗೆ ಹೊಂದಿಸಿ, ಸಿಕ್ಕ ಒಂದು ಸಂಖ್ಯೆಯಿಂದ ಒಳಗಿನ ಕ್ರಿಯೆಯನ್ನೇ ಕಂಡೆವೆನ್ನುವುದು ಅವಸರದ ಮಾತು.

ಮಣಿಗೆ ಕೈಟೋಸಾನ್ ಲೇಪ ಕೊಟ್ಟರೆ ಸೋರಿಕೆ ತಗ್ಗುತ್ತದೆ. ಆ ದಾರಿಯಲ್ಲಿ ದುಡಿಯುವವರ ಶ್ರಮ ಸಾರ್ಥಕ. ಪರೀಕ್ಷೆಗೂ ದಾರಿಯಿದೆ: ಬಾಯಿ, ಜಠರ, ಸಣ್ಣಕರುಳು ಮೂರನ್ನೂ ಅನುಕರಿಸುವ ಇನ್ಫೋಜೆಸ್ಟ್ ವಿಧಾನ 2014ರಲ್ಲೇ ಪ್ರಕಟವಾಗಿದೆ. ಮಣಿಗಳ ಬಗ್ಗೆ ಬರೆಯುವ ಸಂಶೋಧಕರು ಅದನ್ನು ಬಳಸಲಿ. ಮಣಿಯಿಲ್ಲದ ಬರೀ ಕರ್ಕ್ಯುಮಿನ್ನನ್ನು ಅದೇ ದ್ರವದಲ್ಲಿಟ್ಟು ಅಳೆದ ಗೆರೆಯನ್ನೂ ಪಕ್ಕದಲ್ಲೇ ಅಚ್ಚು ಹಾಕಲಿ.